ಆದಿತಾಳ ಹಾಕುತ್ತಾ ಯುರೋಪಿನ ಜಾಝ್ ಕಛೇರಿಗಳನ್ನು ಕೇಳಿದ ಬಗೆ

ಕರ್ನಾಟಕ ಸಂಗೀತ ಕೇಳಿ ಬೆಳೆದ ನನಗೆ ಜಾಝ್‌ನಲ್ಲಿ ತೊಡಕಾದದ್ದು ಅದರ ಸ್ವರಗಳಲ್ಲ, ವಾದ್ಯಗಳ ನಾದವೂ ಅಲ್ಲ; ವಾದಕನು ಈಗ ಹಾಡಿನ ಯಾವ ಭಾಗದಲ್ಲಿದ್ದಾನೆ ಎಂಬುದು ತಿಳಿಯುತ್ತಿರಲಿಲ್ಲ. ಸ್ಟುಡಿಯೋ ಮುದ್ರಿಕೆಗಳಲ್ಲಿ ಒಬ್ಬೊಬ್ಬರ ಸರದಿಯೂ ಬೇಗ ಮುಗಿಯುವುದರಿಂದ ಹೇಗೋ ದಾಟಿಬಿಡಬಹುದು. ಆದರೆ ಅಮೆರಿಕದ ಕಲಾವಿದರು 1960ರ ದಶಕದಲ್ಲಿ ಪ್ಯಾರಿಸ್, ಸ್ಟಾಕ್‌ಹೋಮ್, ಕೋಪನ್‌ಹೇಗನ್‌ಗಳಲ್ಲಿ ನುಡಿಸಿದ ಕಛೇರಿಗಳ ಧ್ವನಿಮುದ್ರಣಗಳಲ್ಲಿ ಒಂದೇ ಹಾಡು ಹತ್ತು ಹದಿನೈದು ನಿಮಿಷ ಬೆಳೆಯುತ್ತದೆ, ಮತ್ತು ಅವುಗಳ ಸೊಗಸೆಲ್ಲ ಆ ಬೆಳವಣಿಗೆಯಲ್ಲೇ ಇದೆ. ಅದನ್ನು ಹಿಡಿಯಲು ನನಗೆ ನೆರವಾದದ್ದು ತೊಡೆಯ ಮೇಲೆ ಹಾಕುವ ಎಂಟು ಎಣಿಕೆಯ ಆದಿತಾಳ.

ಜಾಝ್‌ನ ಬಹುಪಾಲು ಹಾಡುಗಳು ನಾಲ್ಕು ಎಣಿಕೆಯ ಬಾರ್‌ಗಳಲ್ಲಿ ಸಾಗುತ್ತವೆ. ಎರಡು ಬಾರ್ ಸೇರಿದರೆ ಆದಿತಾಳದ ಒಂದು ಆವರ್ತವಾಗುತ್ತದೆ. ಹನ್ನೆರಡು ಬಾರ್‌ಗಳ ಬ್ಲೂಸ್ ಎಂದರೆ ಆರು ಆವರ್ತ. ಮೂವತ್ತೆರಡು ಬಾರ್‌ಗಳ ಹಾಡು ಎಂದರೆ ಹದಿನಾರು ಆವರ್ತ. ಸಾಮಾನ್ಯವಾಗಿ ಅದು ನಾಲ್ಕು ನಾಲ್ಕು ಆವರ್ತಗಳ ನಾಲ್ಕು ಭಾಗಗಳಾಗಿ ಒಡೆಯುತ್ತದೆ, ಅವುಗಳಲ್ಲಿ ಮೂರನೆಯದು ಮಾತ್ರ ಬೇರೆ. ಡ್ರಮ್ ವಾದಕನು ಕಾಲಿನಿಂದ ಮುಚ್ಚುವ ಹೈ-ಹ್ಯಾಟ್ ಎಂಬ ಜೋಡಿ ತಾಳ ಬಾರಿನ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವುದರಿಂದ, ಆದಿತಾಳದ ಕೊನೆಯ ನಾಲ್ಕು ಎಣಿಕೆಗಳಾದ ಎರಡು ದ್ರುತಗಳಲ್ಲಿ ಅದು ಸರಿಯಾಗಿ ಹುಸಿಯ (ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಎಣಿಕೆಯ) ಮೇಲೆ ಬರುತ್ತದೆ. ಈ ಗುರುತು ಸಿಕ್ಕಮೇಲೆ ತಾಳ ತಪ್ಪುವ ಭಯ ಬಹಳ ಮಟ್ಟಿಗೆ ಕಳೆಯುತ್ತದೆ.

ನಾನು ಹೆಚ್ಚು ಕಾಲ ಕಳೆದದ್ದು 1960ರ ಮಾರ್ಚ್‌ನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ನಡೆಸಿದ ಪ್ರವಾಸದ ಮುದ್ರಣಗಳೊಂದಿಗೆ: 21ರಂದು ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣ, ಮರುದಿನ ಸ್ಟಾಕ್‌ಹೋಮ್, 24ರಂದು ಕೋಪನ್‌ಹೇಗನ್. 2018ರಲ್ಲಿ ಇವು ಒಟ್ಟಾಗಿ ಅಧಿಕೃತವಾಗಿ ಹೊರಬಂದವು. ಮೂರೂ ಊರುಗಳಲ್ಲಿ ನುಡಿಸಿದ 'ಸೋ ವಾಟ್' ನಮ್ಮವರಿಗೆ ಹೇಳಿ ಮಾಡಿಸಿದ ಪಾಠ. ಅದರ ಮೊದಲ ಎಂಟು ಆವರ್ತಗಳ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಮುಂದಿನ ನಾಲ್ಕು ಆವರ್ತಗಳಲ್ಲಿ ಅದೇ ಮೇಳ, ಅಂದರೆ ಅದೇ ಸ್ವರಸಮೂಹ, ಅರ್ಧ ಸ್ವರ ಮೇಲಕ್ಕೆ ಏರಿ, ಕೊನೆಯ ನಾಲ್ಕರಲ್ಲಿ ಮೂಲಕ್ಕೆ ಮರಳುತ್ತದೆ. ನಾನು ಶ್ರುತಿಪೆಟ್ಟಿಗೆಯನ್ನು ಹಾಡಿಗೆ ಆಧಾರವಾದ ಡಿ ಸ್ವರಕ್ಕೆ ಇಟ್ಟು, ಟೇಪಿನ ವೇಗದ ವ್ಯತ್ಯಾಸದಿಂದ ಸರಿದಿರಬಹುದಾದಷ್ಟನ್ನು ಹೊಂದಿಸಿಕೊಂಡು, ಮೆಲ್ಲಗೆ ಹಿಂದೆ ನುಡಿಯಬಿಡುತ್ತಿದ್ದೆ. ಮೂರನೆಯ ಭಾಗ ಬಂದೊಡನೆ ಶ್ರುತಿಗೂ ಪಾಲ್ ಚೇಂಬರ್ಸ್ ನುಡಿಸುವ, ತಗ್ಗುಸ್ವರದ ದೊಡ್ಡ ತಂತಿವಾದ್ಯವಾದ ಬಾಸ್‌ಗೂ ತಿಕ್ಕಾಟವಾಗಿ, ಎಲ್ಲಿದ್ದೇವೆ ಎಂಬುದು ಕಿವಿಗೆ ತಾನೇ ತಿಳಿಯುತ್ತದೆ.

1959ರ ಸ್ಟುಡಿಯೋ ಮುದ್ರಿಕೆಯಲ್ಲಿ ತಂಡದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಈ ಹಾಡನ್ನು ಎರಡು ಸುತ್ತು, ಅಂದರೆ ಮೂವತ್ತೆರಡು ಆವರ್ತ ನುಡಿಸಿ ನಿಲ್ಲಿಸುತ್ತಾರೆ. ಯುರೋಪಿನಲ್ಲಿ ಕಾಲಪ್ರಮಾಣ ಸ್ಪಷ್ಟವಾಗಿ ಚುರುಕಾಗಿದೆ, ಅವರ ಸರದಿಯೂ ಹಲವು ಪಟ್ಟು ಉದ್ದವಾಗಿದೆ. ಚಿಕ್ಕದೊಂದು ಸ್ವರಗುಚ್ಛವನ್ನು ಹಿಡಿದು ಅದನ್ನೇ ತಿರುತಿರುಗಿಸಿ ಹಿಂಡುವಾಗ, ಆ ಸ್ವರಗಳು ಮೇಳದಿಂದ ಹೊರಗೆ ಹೋಗುತ್ತವೆಯೇ ಹೊರತು ಹದಿನಾರು ಆವರ್ತಗಳ ಚೌಕಟ್ಟು ಕದಲುವುದಿಲ್ಲ. ತಾಳ ಹಾಕದೆ ಕೇಳಿದ್ದರೆ ಈ ಶಿಸ್ತು ನನಗೆ ಕಾಣುತ್ತಲೇ ಇರಲಿಲ್ಲ. ಪ್ಯಾರಿಸ್ ಮುದ್ರಣದಲ್ಲಿ ಸಭಿಕರ ಸಿಳ್ಳೆಗಳು ಕೇಳಿಬರುತ್ತವೆ. ಅವು ನಮ್ಮಲ್ಲಿಯಂತೆ ಮೆಚ್ಚುಗೆಯವಲ್ಲ, ಅಸಮಾಧಾನದವು. ಅದೇ ಮುದ್ರಣವೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು.

ಇಡೀ ತಂಡವೇ ಅಮೆರಿಕದಿಂದ ಬಂದಿದ್ದಲ್ಲಿ ಎಲ್ಲರಿಗೂ ಎಲ್ಲವೂ ರೂಢಿಯಾಗಿರುತ್ತದೆ. ಒಬ್ಬ ಅತಿಥಿಗೆ ಊರಿನವರೇ ಪಕ್ಕವಾದ್ಯ ನುಡಿಸಿದ ಮುದ್ರಣಗಳನ್ನು ಬೇರೆ ರೀತಿಯಲ್ಲಿ ಕೇಳಬೇಕಾಯಿತು. 1962ರಲ್ಲಿ ಯುರೋಪಿಗೆ ಬಂದು ಕೋಪನ್‌ಹೇಗನ್‌ನಲ್ಲಿ ನೆಲೆಸಿದ ಸ್ಯಾಕ್ಸೋಫೋನ್ ವಾದಕ ಡೆಕ್ಸ್ಟರ್ ಗಾರ್ಡನ್, 1964ರಲ್ಲಿ ಅಲ್ಲಿನ ಮಾಂಮಾರ್ತ್ರ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಡೆನ್ಮಾರ್ಕಿನ ರೇಡಿಯೋ ಪ್ರಸಾರ ಮಾಡಿತ್ತು. ಪಿಯಾನೋದಲ್ಲಿ ಬಾರ್ಸಿಲೋನಾದ ಟೆಟೆ ಮೊಂತೊಲಿಯು, ಡ್ರಮ್ಸ್‌ನಲ್ಲಿ ಅಲೆಕ್ಸ್ ರೀಲ್, ಬಾಸ್‌ನಲ್ಲಿ ಆಗ ಹದಿನೆಂಟರ ಹರೆಯದ ನೀಲ್ಸ್-ಹೆನ್ನಿಂಗ್ ಅರ್ಸ್ಟೆಡ್ ಪೆಡರ್ಸನ್. ಇಲ್ಲಿ ನಾನು ಮೊದಲ ಸಲ ಕೇಳುವಾಗ ಸ್ಯಾಕ್ಸೋಫೋನ್ ಕಡೆ ಗಮನವನ್ನೇ ಕೊಡದೆ ಬಾಸ್ ಒಂದನ್ನೇ ಹಿಂಬಾಲಿಸುತ್ತೇನೆ. ಆವರ್ತಕ್ಕೆ ಎಂಟು ಸ್ವರಗಳು, ಒಂದೊಂದೂ ಎಣಿಕೆಯ ನೆತ್ತಿಯ ಮೇಲೆ. ಎರಡನೆಯ ಸಲ ಗಾರ್ಡನ್ ಅವರನ್ನು ಕೇಳಿದಾಗ ಅವರ ಸ್ವರ ಎಣಿಕೆಗಿಂತ ಕೂದಲೆಳೆಯಷ್ಟು ತಡವಾಗಿ ಬೀಳುವುದು ಗೊತ್ತಾಗುತ್ತದೆ. ಅಂಥ ನಿಧಾನಕ್ಕೆ ಜಗ್ಗದೆ ನಿಂತ ಆ ಹುಡುಗನ ದೃಢತೆಯೇ ಗಾರ್ಡನ್ ಅವರ ಆರಾಮಕ್ಕೆ ಆಧಾರ ಎಂದು ನಾನು ನಂಬಿದ್ದೇನೆ.

ಸ್ಯಾಕ್ಸೋಫೋನ್, ಬಾಸ್ ಕ್ಲಾರಿನೆಟ್, ಫ್ಲೂಟ್ ನುಡಿಸುತ್ತಿದ್ದ ಅಮೆರಿಕದ ಎರಿಕ್ ಡಾಲ್ಫಿ 1964ರ ಜೂನ್ 2ರಂದು ನೆದರ್ಲೆಂಡ್ಸ್‌ನ ಹಿಲ್ವರ್ಸಮ್‌ನಲ್ಲಿ ಮಿಶಾ ಮೆಂಗಲ್‌ಬರ್ಗ್ (ಪಿಯಾನೋ), ಜಾಕ್ ಸ್ಕೋಲ್ಸ್ (ಬಾಸ್), ಹಾನ್ ಬೆನಿಂಕ್ (ಡ್ರಮ್ಸ್) ಅವರೊಂದಿಗೆ ನುಡಿಸಿದ ಮುದ್ರಣದಲ್ಲಿ ಬಾಸ್‌ನಿಂದ ಶುರುಮಾಡುವ ಈ ಕ್ರಮ ಅಷ್ಟು ಸುಲಭವಾಗಿ ನಡೆಯಲಿಲ್ಲ. ಅದೇ ತಿಂಗಳ 29ರಂದು ಡಾಲ್ಫಿ ಬರ್ಲಿನ್‌ನಲ್ಲಿ ತೀರಿಕೊಂಡರು. ಈ ಮುದ್ರಣದಲ್ಲಿ ಪಿಯಾನೋ ಅತಿಥಿಯ ಹಿಂದೆ ವಿನಯದಿಂದ ನಡೆಯುವುದಿಲ್ಲ. ಅನಿರೀಕ್ಷಿತ ಜಾಗಗಳಲ್ಲಿ ಮೊನಚಾದ ಸ್ವರಗಳನ್ನಿಟ್ಟು ಮರುಮಾತು ಹೇಳುತ್ತದೆ. ಆದ್ದರಿಂದ ಈ ಮುದ್ರಣವನ್ನು ಕೇಳುವಾಗ ಮೊದಲು ಕೈಯನ್ನು ಸುಮ್ಮನಿರಿಸಿ, ಪಿಯಾನೋಗೂ ಡಾಲ್ಫಿಯ ವಾದ್ಯಕ್ಕೂ ನಡೆಯುವ ವಾಗ್ವಾದವನ್ನಷ್ಟೇ ಕೇಳಿ, ಆಮೇಲೆ ಬಾಸ್ ಹಿಂಬಾಲಿಸಿ ತಾಳ ಹಾಕುವ ಕ್ರಮವನ್ನು ಇಟ್ಟುಕೊಂಡಿದ್ದೇನೆ.