ಬೋಟಿನ ಎಂಜಿನ್ ಎತ್ತಲು ಎಷ್ಟು ಎಚ್‌ಪಿ ಮೋಟರ್ ಬೇಕು?

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಟ್ರಾಲ್ ಬೋಟುಗಳಿಗೆ ರಜೆ. ಮಲ್ಪೆಯಲ್ಲಿ ಎಂಜಿನ್ ಇಳಿಸಿ ರಿಪೇರಿ ಮಾಡಲು ಸಿಗುವುದು ಆ 61 ದಿನ ಮಾತ್ರ. ಚೈನ್ ಬ್ಲಾಕ್ ಎಳೆದು ಕೈಸೋತವರು ಕರೆಂಟಿನ ಹಾಯ್ಸ್ಟ್ ಮಾಡಿಸಲು ಹೊರಟರೆ ಅಂಗಡಿಯಲ್ಲಿ ಮೊದಲು ಕೇಳುವುದು, ‘ಎಷ್ಟು ಎಚ್‌ಪಿ?’ ಅದಕ್ಕೆ ಉತ್ತರ ಸಿಗಬೇಕಾದರೆ ಭಾರದ ಜೊತೆ ವೇಗವನ್ನೂ ನಿಶ್ಚಯ ಮಾಡಿಕೊಳ್ಳಬೇಕು.

1,000 ಕೆ.ಜಿ. ಭಾರ ನಿಮಿಷಕ್ಕೆ 6 ಮೀಟರ್, ಅಂದರೆ ಸೆಕೆಂಡಿಗೆ 0.1 ಮೀಟರ್ ಏರಬೇಕು ಎಂದುಕೊಳ್ಳಿ. 1,000 × 9.81 × 0.1 = 981 ವ್ಯಾಟ್ (9.81 ಎಂದರೆ ಭೂಮಿಯ ಸೆಳೆತದ ಲೆಕ್ಕ). ಗೇರ್‌ಬಾಕ್ಸ್, ರಾಟೆಗಳಲ್ಲಿ ಒಂದಿಷ್ಟು ಶಕ್ತಿ ಸೋರುತ್ತದೆ. ವರ್ಮ್ ಗೇರ್ (ಸ್ಕ್ರೂನಂಥ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವ ಗೇರ್) ಇದ್ದರೆ ಶೇ 60 ಮಾತ್ರ ಕೊಕ್ಕೆಗೆ ತಲುಪುತ್ತದೆ ಎಂದು ಹಿಡಿಯಿರಿ. 981ನ್ನು 0.6ರಿಂದ ಭಾಗಿಸಿದರೆ 1,635 ವ್ಯಾಟ್. 1 ಎಚ್‌ಪಿಗೆ 746 ವ್ಯಾಟ್, ಹಾಗಾಗಿ 2.2 ಎಚ್‌ಪಿ. ಅಂಗಡಿಯಲ್ಲಿ ಸಿಗುವುದು 3 ಎಚ್‌ಪಿ.

ಆದರೆ ಎಂಜಿನನ್ನು ಬೋಲ್ಟಿನ ತೂತಿಗೆ ಸರಿಯಾಗಿ ಕೂರಿಸಲು ಅಷ್ಟು ವೇಗ ಜಾಸ್ತಿಯೇ ಆಯಿತು. ನಿಮಿಷಕ್ಕೆ 3 ಮೀಟರ್ ಸಾಕು. ಆಗ ಲೆಕ್ಕಕ್ಕೆ 1.1 ಎಚ್‌ಪಿ ಬರುತ್ತದೆ. ನಾನಾದರೆ 2 ಎಚ್‌ಪಿ ತ್ರೀ ಫೇಸ್ ಮೋಟರ್ ತರುತ್ತೇನೆ. ವೋಲ್ಟೇಜ್ ಶೇ 10 ಇಳಿದರೆ ಮೋಟರಿನ ತಿರುಗುಬಲ ಶೇ 19ರಷ್ಟು ಇಳಿಯುತ್ತದೆ. ಭಾರ ತೂಗಾಡುತ್ತಿರುವಾಗ ಆ ಕೊರತೆ ಬರಬಾರದು, ಅಲ್ವಾ?

ಮೋಟರ್ ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. ರೋಪ್ ಸುತ್ತಿಕೊಳ್ಳುವ 20 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ ಸುಮಾರು 5 ಸುತ್ತು ತಿರುಗಿದರೆ ಆ 3 ಮೀಟರ್ ಮುಗಿಯಿತು. ಸುಮಾರು 300ಕ್ಕೆ 1 ಗೇರ್. ಕೊಕ್ಕೆಗೆ ಒಂದು ರಾಟೆ ಹಾಕಿ ವೈರ್ ರೋಪನ್ನು ಎರಡು ಎಳೆ ಮಾಡಿದರೆ 150ಕ್ಕೆ 1 ಸಾಕು, ರೋಪಿನ ಮೇಲಿನ ಎಳೆತವೂ ಅರ್ಧ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಬ್ರೇಕಿನ ವಿಷಯದಲ್ಲಿ. ‘ವರ್ಮ್ ಗೇರ್ ಹಿಂದಕ್ಕೆ ತಿರುಗಲ್ಲ, ಬ್ರೇಕ್ ಸುಮ್ನೆ ಖರ್ಚು’ ಎನ್ನುವವರಿದ್ದಾರೆ. ನಂಬಬೇಡಿ. ಅದುರಿದಾಗ ಅದೂ ಜಾರಬಹುದು. ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್ ತಾನಾಗಿ ಹಿಡಿಯುವ ಬ್ರೇಕ್ ಮೋಟರನ್ನೇ ಕೇಳಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಕೊಕ್ಕೆ ಮೇಲೆ ಬಡಿಯದಂತೆ ಲಿಮಿಟ್ ಸ್ವಿಚ್ ಕೂಡ ಇರಲಿ.

ಮೋಟರಿನ ಪ್ಲೇಟ್ ಓದಿ. ಎಸ್1 ಎಂದರೆ ನಿರಂತರ ಓಡುವ ಪಂಪಿನಂಥ ಕೆಲಸಕ್ಕೆ. ಎಸ್3 ಶೇ 40 ಎಂದರೆ 10 ನಿಮಿಷದಲ್ಲಿ 4 ನಿಮಿಷ ಓಟ, ಉಳಿದದ್ದು ವಿಶ್ರಾಂತಿ. ಹಾಯ್ಸ್ಟಿನಲ್ಲಿ ಬಟನ್ ಒತ್ತಿ ಬಿಡುವುದೇ ಜಾಸ್ತಿ. ಪ್ರತಿ ಸಲ ಸ್ಟಾರ್ಟ್ ಆಗುವಾಗ ಆರು ಪಟ್ಟಿನಷ್ಟು ಕರೆಂಟ್ ಎಳೆದು ಒಳಗಿನ ತಂತಿಯ ಸುತ್ತು (ವೈಂಡಿಂಗ್) ಬಿಸಿಯಾಗುತ್ತದೆ. ಹಾಗಾಗಿ ಹಾಯ್ಸ್ಟಿಗೆಂದೇ ಮಾಡಿದ ಮೋಟರ್ ಕೊಳ್ಳಿ. ಉಪ್ಪು ಗಾಳಿಗೆ, ಮಳೆಗೆ ಐಪಿ55ಕ್ಕಿಂತ (ಧೂಳು, ನೀರು ಒಳಹೋಗದಂತೆ ತಡೆಯುವ ಮಟ್ಟ) ಕಡಿಮೆ ಬೇಡ.

ಜೋಡಿಸಿದ ಮೇಲೆ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಪೂರ್ತಿ ಭಾರವನ್ನು ಒಂದಡಿ ಎತ್ತಿ, ಮೇನ್ ಸ್ವಿಚ್ ಆಫ್ ಮಾಡಿ. ನೆಲದಿಂದ ಅಳತೆ ಹಿಡಿದು ಗುರುತು ಹಾಕಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಸ್ವಲ್ಪ ಇಳಿದಿದ್ದರೂ ಬ್ರೇಕ್ ಸರಿಯಾಗುವವರೆಗೆ ಎಂಜಿನ್ ಎತ್ತಬೇಡಿ.