ಬದುಕನ್ನೇ ಕಲಾಕೃತಿಯಾಗಿ ಕಡೆಯುವ ಪಾತ್ರಗಳನ್ನು ಓದುವ ಬಗೆ

ತನ್ನ ಬದುಕನ್ನೇ ಒಂದು ಕಲಾಕೃತಿಯೆಂದು ಬಗೆದು ತಿದ್ದಿ ತೀಡುವ ಪಾತ್ರ ಕಾದಂಬರಿಯಲ್ಲಿ ಎದುರಾದಾಗ, ಅದು ಹುಚ್ಚೋ ಮೋಸವೋ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಓದು ಅಲ್ಲಿಗೇ ನಿಲ್ಲುತ್ತದೆ. ಮೊದಲು ಆ ಪಾತ್ರದ ಕೈಯಲ್ಲಿರುವ ವಸ್ತುಗಳನ್ನು ನೋಡಬೇಕು.

ಸ್ಪೇನಿನ ಲೇಖಕ ಸರ್ವಾಂಟಿಸನ ಕಾದಂಬರಿ ‘ಡಾನ್ ಕ್ವಿಕ್ಸಾಟ್’ನ ಮೊದಲ ಭಾಗ ಪ್ರಕಟವಾದದ್ದು 1605ರಲ್ಲಿ. ಅದರ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ. ವೀರಗಾಥೆಗಳನ್ನು ಓದಿ ಓದಿ ತಾನೂ ಅಂಥ ವೀರನಾಗಲು ಹೊರಟ, ಐವತ್ತರ ಆಸುಪಾಸಿನ ಈ ಮನುಷ್ಯ ತನ್ನ ಬಡಕಲು ಕುದುರೆಗೆ ಹೆಸರು ಹುಡುಕಲು 4 ದಿನ, ತನಗೊಂದು ಹೆಸರು ಹುಡುಕಲು 8 ದಿನ ತೆಗೆದುಕೊಳ್ಳುತ್ತಾನೆ. ಮುತ್ತಜ್ಜಂದಿರ ಕಾಲದ ಶಿರಸ್ತ್ರಾಣಕ್ಕೆ ಮುಖ ಮುಚ್ಚುವ ಭಾಗವಿಲ್ಲವೆಂದು ಅದನ್ನು ರಟ್ಟಿನಿಂದ ಮಾಡಿ ಜೋಡಿಸುತ್ತಾನೆ. ಗಟ್ಟಿಯಿದೆಯೇ ಎಂದು ಕತ್ತಿಯಿಂದ ಹೊಡೆದು ನೋಡಿದರೆ ಒಂದು ವಾರದ ದುಡಿಮೆ ಮೊದಲ ಏಟಿಗೇ ಹಾಳಾಗುತ್ತದೆ. ಒಳಗೆ ಕಬ್ಬಿಣದ ಪಟ್ಟಿಗಳನ್ನಿಟ್ಟು ಮತ್ತೆ ಮಾಡುತ್ತಾನೆ. ಈ ಸಲ ಮಾತ್ರ ಹೊಡೆದು ನೋಡುವುದಿಲ್ಲ, ಚೆನ್ನಾಗಿದೆಯೆಂದು ಒಪ್ಪಿಕೊಂಡುಬಿಡುತ್ತಾನೆ. ರಟ್ಟು ರಟ್ಟೇ ಎಂಬುದು ಅವನಿಗೆ ಗೊತ್ತಿದೆ. ಗೊತ್ತಿದ್ದೂ ಹೊಡೆಯದೆ ಬಿಟ್ಟ ಆ ಎರಡನೆಯ ಏಟನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ. ಇಂಥ ಯಾವುದೇ ಪಾತ್ರವನ್ನು ಓದುವಾಗಲೂ ಪರೀಕ್ಷೆಯನ್ನು ಕೈಬಿಟ್ಟ ಆ ಗಳಿಗೆಯನ್ನು ಹುಡುಕಿ ಗುರುತು ಹಾಕಿಕೊಳ್ಳಿ.

ಫಿಟ್ಸ್‌ಜೆರಾಲ್ಡ್‌ನ 1925ರ ಕಾದಂಬರಿ ‘ದ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲಿ ಆ ಗಳಿಗೆ ನಾಯಕ ಗ್ಯಾಟ್ಸ್‌ಬಿಯ ಗ್ರಂಥಾಲಯದಲ್ಲಿದೆ. ಅಲ್ಲಿನ ಪುಸ್ತಕಗಳು ನಿಜವಾದವೇ, ಆದರೆ ಅವುಗಳ ಅಂಚು ಕೂಡಿಕೊಂಡ ಪುಟಗಳನ್ನು ಇನ್ನೂ ಕತ್ತರಿಸಿ ಬಿಡಿಸಿಲ್ಲ, ಅಂದರೆ ಅವನ್ನು ಯಾರೂ ಓದಿಲ್ಲ.

ಮುಂದೆ, ಈ ಕಲೆಯ ಬೆಲೆಯನ್ನು ಯಾರು ತೆರುತ್ತಾರೆಂದು ಕೇಳಿಕೊಳ್ಳಬೇಕು. ಡಾನ್ ಕ್ವಿಕ್ಸಾಟ್ ಬಹುಮಟ್ಟಿಗೆ ತನ್ನ ಮೈಮೇಲೆಯೇ ಪೆಟ್ಟು ತಿನ್ನುತ್ತಾನೆ, ಅವನ ಸಂಗಡ ಅವನ ಸೇವಕ ಸಾಂಕೊ ಪಾಂಜಾನೂ ತಿನ್ನುತ್ತಾನೆ. ಆಸ್ಕರ್ ವೈಲ್ಡ್‌ನ ಕಾದಂಬರಿಯ ಚೆಲುವ ನಾಯಕ ಡೋರಿಯನ್ ಗ್ರೇ ಹಾಗಲ್ಲ. ನಟಿ ಸಿಬಿಲ್ ವೇನ್ ಅವನನ್ನು ನಿಜವಾಗಿ ಪ್ರೀತಿಸತೊಡಗಿ, ಅದರಿಂದಲೇ ರಂಗದ ಮೇಲೆ ಚೆನ್ನಾಗಿ ನಟಿಸಲಾರದೆ ಹೋದಾಗ ಅವಳನ್ನು ತೊರೆಯುತ್ತಾನೆ. ಅವಳು ಪ್ರಾಣ ಕಳೆದುಕೊಂಡ ಸುದ್ದಿ ತಿಳಿದ ಮೇಲೂ ಅದನ್ನೊಂದು ನಾಟಕದ ಸೊಗಸಾದ ಮುಕ್ತಾಯದಂತೆ ಕಂಡು ಆ ಸಂಜೆ ಆಪೆರಾಕ್ಕೆ ಹೋಗುತ್ತಾನೆ. ತನ್ನ ಬದುಕನ್ನು ಕೃತಿಯೆಂದುಕೊಂಡವನು ಇನ್ನೊಬ್ಬರ ಸಾವನ್ನೂ ಅದರ ಸಾಮಗ್ರಿಯಾಗಿಸಿಕೊಳ್ಳುವುದು ಇಲ್ಲಿ ಕಾಣುತ್ತದೆ. ಇದನ್ನು ಅವನ ಸೌಂದರ್ಯದ ಹೆಸರಿನಲ್ಲಿ ಮನ್ನಿಸಿ ಓದುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಕೊನೆಯದಾಗಿ, ಕೃತಿಕಾರನೇ ಕೈಚೆಲ್ಲಿದ ಮೇಲೆ ಅದನ್ನು ಯಾರು ಎತ್ತಿ ಹಿಡಿಯುತ್ತಾರೆಂದು ನೋಡಿ. ‘ಡಾನ್ ಕ್ವಿಕ್ಸಾಟ್’ನ 1615ರ ಎರಡನೆಯ ಭಾಗದ ಕೊನೆಯ ಅಧ್ಯಾಯದಲ್ಲಿ, ಮರಣಶಯ್ಯೆಯಲ್ಲಿರುವ ನಾಯಕ ತಾನು ಡಾನ್ ಕ್ವಿಕ್ಸಾಟ್ ಅಲ್ಲ, ಅಲೊನ್ಸೊ ಕಿಹಾನೊ ಎಂದು ಎಲ್ಲವನ್ನೂ ಬಿಟ್ಟುಕೊಡುತ್ತಾನೆ. ಒಡೆಯ ದೈತ್ಯರೆಂದು ಬಗೆದು ಮೇಲೆರಗಿದ ಗಾಳಿಯಂತ್ರಗಳನ್ನು ಮೊದಲಿನಿಂದಲೂ ಗಾಳಿಯಂತ್ರಗಳೆಂದೇ ಕಂಡಿದ್ದ ಸಾಂಕೊ ಆಗ ಅಳುತ್ತ, ಸಾಯಬೇಡಿ, ಹಾಸಿಗೆ ಬಿಟ್ಟು ಏಳಿ, ಮಾತಾಡಿಕೊಂಡಂತೆ ಕುರುಬರ ವೇಷ ಹಾಕಿಕೊಂಡು ಹೊಲಗಳಿಗೆ ಹೋಗೋಣ ಎಂದು ಅಂಗಲಾಚುತ್ತಾನೆ.