ಡಯಾಪರ್ ಬಿಲ್ಲಿನಿಂದ ಶುರು ಮಾಡಿದ ಮೇಲೆ: ಆರೈಕೆ ಕೇಂದ್ರಗಳ ಪರೀಕ್ಷೆ, ನನ್ನ ಅನುಭವ

ಮನೆಯವರ ಪರವಾಗಿ ಹಿರಿಯರ ಆರೈಕೆ ಕೇಂದ್ರ ನೋಡಿ ವರದಿ ಕೊಡುವ ಕೆಲಸ ನನ್ನದು. ಬೆಡ್‌ಸೋರ್ ಅಂದರೆ ಹೊರಳದೆ ಮಲಗಿದವರಿಗೆ ಒತ್ತಡದಿಂದ ಆಗುವ ಹುಣ್ಣು, ರೈಲ್ಸ್ ಟ್ಯೂಬ್ ಅಂದರೆ ಆಹಾರ ಕೊಡಲು ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ; ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. ಕೇಂದ್ರದವರು ಡಯಾಪರ್, ಗ್ಲೌಸ್ ಕೊಂಡ ಖರೀದಿ ಬಿಲ್ ಕೇಳುತ್ತೇನೆ ಅಂದಾಗ ಈ ಕೆಲಸದಲ್ಲೇ ಇರುವವರು, 'ಬಿಲ್ ಯಾರು ತೋರಿಸ್ತಾರೆ, ಗೇಟಲ್ಲೇ ಕೈಮುಗಿದು ಕಳಿಸ್ತಾರೆ' ಅಂದಿದ್ದರು. ಬೆಂಗಳೂರು, ಮೈಸೂರು ಸೇರಿ ಸುಮಾರು 18 ಕಡೆ ಕೇಳಿದ್ದೇನೆ, 11–12 ಕಡೆ ತೋರಿಸಿದರು. ಚೆನ್ನಾಗಿ ನಡೆಸುವವರಿಗೆ ಆ ಬಿಲ್ಲೇ ಹೆಮ್ಮೆ.

ಮೊದಲು ನನ್ನ ಹತ್ತಿರ 110 ಅಂಶಗಳ ಪಟ್ಟಿ ಇತ್ತು. ಗ್ರ್ಯಾಬ್ ಬಾರ್, ರ‍್ಯಾಂಪ್, ಸಿಸಿಟಿವಿ, ಬೆಂಕಿ ಆರಿಸುವ ಸಿಲಿಂಡರ್, ಗೋಡೆ ಮೇಲಿನ ಸರ್ಟಿಫಿಕೇಟ್ ಎಲ್ಲಕ್ಕೂ ಅಂಕ. ಹೆಚ್ಚು ಕಡಿಮೆ ಎಲ್ಲ ಕೇಂದ್ರಗಳೂ 80ರಿಂದ 90ರೊಳಗೆ ಬಂದವು. 88 ಅಂಕ ಬಂದಿದ್ದ ಒಂದು ಕಡೆ ಸೇರಿಸಿದ ಅಜ್ಜಿಗೆ ಆರು ವಾರದಲ್ಲಿ ಬೆನ್ನಿನ ಕೆಳಗೆ ಹುಣ್ಣಾಯಿತು. ಆ ಮನೆಯವರಿಂದ ಪಡೆದಿದ್ದ ಫೀಸು ವಾಪಸ್ ಕೊಟ್ಟೆ. ಓಡಾಟದ ಖರ್ಚು, ಪಟ್ಟಿ ತಯಾರಿಸಿದ ದಿನಗಳು ಎಲ್ಲ ಸೇರಿಸಿದರೆ ಆ ವರ್ಷ 35–40 ಸಾವಿರ ಕೈಬಿಟ್ಟಿತು. ಪಟ್ಟಿಯ ದೋಷ ಏನೆಂದರೆ, ಅದರಲ್ಲಿದ್ದದ್ದೆಲ್ಲ ದುಡ್ಡು ಕೊಟ್ಟು ಒಮ್ಮೆ ತಂದಿಟ್ಟರೆ ಮುಗಿಯುವ ವಸ್ತುಗಳು. ಆರೈಕೆ ದಿನಾ ಖರ್ಚಾಗುವ ವಸ್ತು. ಅದನ್ನು ಅಳೆಯಬೇಕಿದ್ದರೆ ಖರ್ಚಾಗುವುದನ್ನೇ ಎಣಿಸಬೇಕು.

ಮೊದಲ ಭೇಟಿಯಲ್ಲೇ ತಲೆಲೆಕ್ಕ ಬರೆಸಿಕೊಳ್ಳುತ್ತೇನೆ: ಒಟ್ಟು ಎಷ್ಟು ಜನ, ಹಾಸಿಗೆ ಹಿಡಿದವರೆಷ್ಟು, ಡಯಾಪರ್, ಕ್ಯಾಥೆಟರ್ (ಮೂತ್ರದ ನಳಿಕೆ), ರೈಲ್ಸ್ ಟ್ಯೂಬ್, ಇನ್ಸುಲಿನ್, ತುತ್ತು ತಿನ್ನಿಸಬೇಕಾದವರು ಎಷ್ಟೆಷ್ಟು. ಮ್ಯಾನೇಜರ್ ಬಾಯಲ್ಲಿ ಹೇಳಿದ್ದನ್ನು ಬರೆದು ಅವರಿಗೇ ಓದಿ ಹೇಳಬೇಕು. ಮುಂದಿನದೆಲ್ಲ ನಿಲ್ಲುವುದು ಈ ಸಂಖ್ಯೆಗಳ ಮೇಲೆ.

ಆಮೇಲೆ ಮೂರು ತಿಂಗಳ ಬಿಲ್. ಡಯಾಪರ್ ಹಾಕುವವರು 14 ಜನ, ದಿನಕ್ಕೆ ಕನಿಷ್ಠ 3 ಅಂತ ಹಿಡಿದರೆ ತಿಂಗಳಿಗೆ 1,260, ಹತ್ತರ ಪ್ಯಾಕಿನಲ್ಲಿ 126. ಒಂದು ಕಡೆ 60 ಚಿಲ್ಲರೆ ಪ್ಯಾಕ್ ಸಿಕ್ಕಿತು. ತಕ್ಷಣ ತೀರ್ಮಾನಕ್ಕೆ ಬರಬಾರದು. ಕೆಲವರಿಗೆ ಮನೆಯವರೇ ತಂದುಕೊಡುತ್ತಾರೆ, ಹೆಸರು ಬರೆದ ಕಪಾಟು ನೋಡಿದರೆ ಗೊತ್ತಾಗುತ್ತದೆ. ಹಗಲು ಬಟ್ಟೆಯ ಪ್ಯಾಡ್ ಬಳಸುವವರಿದ್ದಾರೆ. ಕ್ಯಾಥೆಟರ್ ಇದ್ದವರಿಗೆ ಕಡಿಮೆ ಸಾಕು. ಇದನ್ನೆಲ್ಲ ಕಳೆದ ಮೇಲೂ ತಲೆಗೆ ದಿನಕ್ಕೆ ಎರಡಕ್ಕಿಂತ ಕಡಿಮೆ ಬಂದರೆ ಒದ್ದೆಯಲ್ಲೇ ಮಲಗಿಸುತ್ತಿದ್ದಾರೆ ಅಂತಲೇ ಅರ್ಥ. ನಿಜವಾದ ಹಿಡಿತ ಇನ್ನೊಂದರಲ್ಲಿದೆ: ಮನೆಯವರ ಮಾಸಿಕ ಬಿಲ್ಲಿನಲ್ಲಿ ಎಷ್ಟು ಡಯಾಪರ್ ಹಾಕಿದ್ದಾರೆ ನೋಡಿ. ದಿನಕ್ಕೆ 3ರಂತೆ ವಸೂಲಿ, ಖರೀದಿ ನೋಡಿದರೆ ಒಂದೂವರೆ. ಇದನ್ನು ಎರಡು ಕಡೆ ಕಂಡಿದ್ದೇನೆ.

ಗ್ಲೌಸ್ ಲೆಕ್ಕ ಇದಕ್ಕಿಂತ ಕಟು. ಒಂದು ಡಬ್ಬಿಯಲ್ಲಿ 100, ಅಂದರೆ 50 ಜೊತೆ. 14 ಜನಕ್ಕೆ ದಿನಕ್ಕೆ 3 ಬದಲಾವಣೆ ಎಂದರೆ 42 ಜೊತೆ, ತಿಂಗಳಿಗೆ 25 ಡಬ್ಬಿ. ಸಾಮಾನ್ಯವಾಗಿ ಸಿಗುವುದು 6ರಿಂದ 10. ಒಂದೇ ಗ್ಲೌಸ್ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದೆ ಎಂದಾಯಿತು. ಅಂಥ ಕಡೆ ಕಜ್ಜಿ ಒಬ್ಬರಿಗೆ ಬಂದರೆ ಇಡೀ ವಾರ್ಡಿಗೆ ಬರುತ್ತದೆ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆಯದೆ, ಆಯಾಗಳಿಗೂ ಅದೇ ದಿನ ಮದ್ದು ಹಚ್ಚದೆ ಅದು ಹೋಗುವುದೂ ಇಲ್ಲ.

ರಾತ್ರಿಪಾಳಿಯದು ಸಮಯದ ಲೆಕ್ಕ. ಹಾಸಿಗೆ ಹಿಡಿದ 14 ಜನರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದರೆ ಒಬ್ಬರಿಗೆ 6 ನಿಮಿಷ, ಒಂದು ಸುತ್ತಿಗೆ ಒಟ್ಟು 84 ನಿಮಿಷ. ಸ್ವಲ್ಪ ಭಾರ ಇರುವವರನ್ನು ಒಬ್ಬರೇ ಹೊರಳಿಸಲಾಗದು, ಇಬ್ಬರು ಬೇಕು. ರಾತ್ರಿ ಒಬ್ಬರೇ ಆಯಾ ಇದ್ದು, ಚಾರ್ಟಿನಲ್ಲಿ 12, 2, 4, 6ಕ್ಕೆ ಎಲ್ಲರ ಮುಂದೂ ಟಿಕ್ ಬಿದ್ದಿದ್ದರೆ ಆ ಚಾರ್ಟನ್ನು ನಂಬಬೇಕಿಲ್ಲ. ರಾತ್ರಿ ಎಷ್ಟು ಜನ ಇರುತ್ತಾರೆ ಅಂತ ಕೇಳಬೇಡಿ, ಹಾಜರಿ ಪುಸ್ತಕವನ್ನು ಸಂಬಳದ ಪಟ್ಟಿಯ ಪಕ್ಕ ಇಟ್ಟು ನೋಡಿ. ಹಗಲು ಪಾಳಿಯವರ ಹೆಸರೇ ರಾತ್ರಿಗೂ ಇರುತ್ತದೆ, ಸಂಬಳ ಮಾತ್ರ ಒಂದೇ. ಮೂರನೇ ಭೇಟಿ ರಾತ್ರಿ ಒಂಬತ್ತೂವರೆ ಮೇಲೆ ಇಟ್ಟುಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಮೊದಲು ಯಾರನ್ನು ಏನು ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಉತ್ತರ ಕಲಿಸಿ ನಿಲ್ಲಿಸುತ್ತಾರೆ.

ಚಾರ್ಟ್ ಓದುವುದಕ್ಕೆ ಮೂರು ಗುರುತು. ಬಿಪಿ ಎಲ್ಲ 120/80, 130/80 ಅಂತ ಸೊನ್ನೆಯಲ್ಲೇ ಮುಗಿದಿದ್ದರೆ ಅಳೆದದ್ದೇ ಎಂದು ಅನುಮಾನಿಸಬೇಕು. ಡಿಜಿಟಲ್ ಯಂತ್ರ 127/74 ಅನ್ನೂ ತೋರಿಸುತ್ತದೆ. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಒತ್ತು ಇದ್ದರೆ ಕೊನೆಯ ದಿನ ಕೂತು ಬರೆದದ್ದು. ಮಧ್ಯಾಹ್ನ ನಾಲ್ಕಕ್ಕೆ ಹೋದಾಗ ಸಂಜೆ ಆರರ ಕಾಲಂ ತುಂಬಿದ್ದರೆ ಹೇಳುವುದೇ ಬೇಡ. ಶುಗರ್ ವಿಷಯದಲ್ಲಿ ಇನ್ನೂ ಸುಲಭ: ಗ್ಲುಕೋಮೀಟರಿನ ಮೆಮೊರಿ ತೆರೆದು ಚಾರ್ಟಿಗೆ ಹೋಲಿಸಿ. ಯಂತ್ರದ ಗಡಿಯಾರ ತಪ್ಪಿರುವುದುಂಟು, ಮೊದಲು ಅದನ್ನು ನೋಡಿಕೊಳ್ಳಿ. ಜೊತೆಗೆ ಶುಗರ್ ಪರೀಕ್ಷೆಯ ಸ್ಟ್ರಿಪ್ ತಿಂಗಳಿಗೆ ಎಷ್ಟು ತಂದರು ಎಂಬುದನ್ನೂ ನೋಡಿ. ಇನ್ಸುಲಿನ್ ಸೀಸೆಯ ಮೇಲೆ ತೆರೆದ ದಿನಾಂಕ ಬರೆದಿರಬೇಕು, ಹೆಚ್ಚಿನವು ತೆರೆದ ಮೇಲೆ 28 ದಿನ. ತೆರೆಯದವು 2ರಿಂದ 8 ಡಿಗ್ರಿಯಲ್ಲಿ ಇರಬೇಕು; ಫ್ರೀಜರ್ ಗೋಡೆಗೆ ತಾಗಿ ಹೆಪ್ಪುಗಟ್ಟಿದ್ದರೆ ಎಸೆಯಬೇಕು. ಒಂದೇ ಇನ್ಸುಲಿನ್ ಪೆನ್ ಇಬ್ಬರಿಗೆ ಬಳಸುತ್ತಿದ್ದರೆ, ಸೂಜಿ ಬದಲಿಸಿದರೂ ಸರಿಯೇ, ವರದಿಯಲ್ಲಿ ಅದೊಂದೇ ಸಾಕು ಬೇಡ ಅನ್ನಲು.

ಏರ್ ಬೆಡ್ (ಹುಣ್ಣಾಗದಂತೆ ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಇದೆ ಅಂದರೆ ಅಲ್ಲಿಗೆ ಬಿಡಬೇಡಿ. ಸಿಸ್ಟರ್ ಜೊತೆಯಲ್ಲಿ, ಒಪ್ಪಿಗೆ ಪಡೆದು, ಮಲಗಿದವರ ಸೊಂಟದ ಕೆಳಭಾಗಕ್ಕೆ ಸರಿಯಾಗಿ ಏರ್ ಬೆಡ್ಡಿನ ಅಡಿಗೆ ಅಂಗೈ ತೂರಿಸಿ. ಮೇಲೆ ಒಂದಿಂಚು ಗಾಳಿಯೂ ಇಲ್ಲದೆ ಮೂಳೆ ಕೈಗೆ ಸಿಕ್ಕರೆ ಅದು ಬರೀ ಪ್ಲಾಸ್ಟಿಕ್ ಹಾಳೆ. ಪಂಪ್ ಕೆಟ್ಟಿರುತ್ತದೆ, ಇಲ್ಲ ಪಂಪಿನ ತಿರುಪನ್ನು ಮಲಗಿದವರ ಭಾರಕ್ಕೆ ಹೊಂದಿಸಿರುವುದಿಲ್ಲ, ಇಲ್ಲ ರಾತ್ರಿ ಶಬ್ದವಾಗುತ್ತದೆಂದು ಆರಿಸಿರುತ್ತಾರೆ. ಅದರ ಮೇಲೆ ರಬ್ಬರ್ ಶೀಟು, ಮಡಚಿದ ಬೆಡ್‌ಶೀಟು, ಅಂಡರ್‌ಪ್ಯಾಡ್ ಮೂರೂ ಹಾಕಿದ್ದರೆ ಗಾಳಿ ಇದ್ದೂ ಇಲ್ಲದಂತೆ. ಹಿಮ್ಮಡಿ ನೋಡುವುದನ್ನು ಮರೆಯಬೇಡಿ. ಎಲ್ಲರೂ ಬೆನ್ನು ತೋರಿಸುತ್ತಾರೆ, ಸಾಕ್ಸ್ ಬಿಚ್ಚುವುದಿಲ್ಲ. ಕೆಂಪಾದ ಜಾಗ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಎಂದು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಬೇಕು.

ಊಟದಲ್ಲಿ ರುಚಿಗಿಂತ ಗಡಿಯಾರ ನೋಡುತ್ತೇನೆ. ಸಂಜೆ ಆರೂವರೆಗೆ ಊಟ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಇಡ್ಲಿ ಕೊಟ್ಟರೆ 14 ಗಂಟೆ ಹೊಟ್ಟೆ ಖಾಲಿ. ರಾತ್ರಿ ಒಂದು ಲೋಟ ಹಾಲೋ ರಾಗಿ ಗಂಜಿಯೋ ಇರಲೇಬೇಕು, ಶುಗರ್ ಇದ್ದವರಿಗಂತೂ ಖಂಡಿತ. ತಿನ್ನಿಸಬೇಕಾದವರಿಗೆ ತಲಾ 20–30 ನಿಮಿಷ ಹಿಡಿಯುತ್ತದೆ. ಒಬ್ಬ ಆಯಾ ಮುಕ್ಕಾಲು ಗಂಟೆಯಲ್ಲಿ ಆರು ಜನಕ್ಕೆ ತಿನ್ನಿಸಿದರೆ ಅದು ತುರುಕುವುದು, ಅನ್ನ ಶ್ವಾಸಕೋಶಕ್ಕೆ ಹೋಗುವುದು ಹಾಗೆಯೇ. ಟ್ಯೂಬಿನಲ್ಲಿ ಕೊಡುವಾಗ ತಲೆಭಾಗ 30–45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ತೂಕದ ಪುಸ್ತಕದಲ್ಲಿ ತಿಂಗಳಿಗೆ ಶೇ. 5 ಅಥವಾ ಆರು ತಿಂಗಳಿಗೆ ಶೇ. 10 ಇಳಿದವರು ಎಷ್ಟು ಜನ ಎಂದು ಎಣಿಸಿ. ಹಾಸಿಗೆ ಹಿಡಿದವರ ತೂಕ ಯಾರೂ ತೆಗೆಯುವುದಿಲ್ಲ. ಅದಕ್ಕೆ ಹೊಲಿಗೆಯ ಟೇಪಿನಿಂದ ರಟ್ಟೆಯ ಸುತ್ತಳತೆ ತೆಗೆಯುವುದನ್ನು ಪ್ರಯತ್ನಿಸಿದೆ. ಒಬ್ಬರೇ ಅಳೆದರೆ ಕೆಲಸಕ್ಕೆ ಬರುತ್ತದೆ, ಕೈ ಬದಲಾದರೆ ಒಂದು ಸೆಂಟಿಮೀಟರ್ ಆಚೀಚೆ.

ಕರೆಗಂಟೆ ಒತ್ತಿ ಸ್ಟಾಪ್‌ವಾಚ್ ಹಿಡಿಯುವುದನ್ನೂ ಮಾಡಿ ನೋಡಿದೆ. ಮೂರನೇ ಸಲಕ್ಕೆ ಎಲ್ಲರೂ ಎಚ್ಚೆತ್ತರು, ಅಂಕಿ ಕೆಲಸಕ್ಕೆ ಬರಲಿಲ್ಲ. ಮನೆಯವರ ಒಪ್ಪಿಗೆಯಿಂದ ಡಯಾಪರಿನ ಅಂಟುಪಟ್ಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಗಂಟೆ ಬರೆದಿಟ್ಟದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಬೆಳಿಗ್ಗೆ ಹತ್ತಕ್ಕೆ ಬರೆದದ್ದು ಸಂಜೆ ಐದಕ್ಕೂ ಅಲ್ಲೇ ಇತ್ತು.

ಸ್ನಾನದ ನೀರಿಗೆ 300 ರೂಪಾಯಿಯ ಅಡುಗೆ ಥರ್ಮಾಮೀಟರ್ ಸಾಕು. ನಮ್ಮಲ್ಲಿ ಸೋಲಾರ್ ನೀರು ಮಧ್ಯಾಹ್ನ 60 ಡಿಗ್ರಿ ದಾಟುವುದುಂಟು, ಆ ಬಿಸಿಗೆ ಮುದಿ ಚರ್ಮ ಐದು ಸೆಕೆಂಡಿನಲ್ಲಿ ಸುಡುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸುವ ರೂಢಿ ಇದೆಯೇ ಎಂದು ಆಯಾಗಳನ್ನೇ ಕೇಳಿ. ಮರೆವು ಇರುವವರು ಹೊರಗೆ ಹೋಗದಂತೆ ಹಾಕಿದ ಬೀಗದ ಕೀ ರಾತ್ರಿ ಯಾರ ಸೊಂಟದಲ್ಲಿರುತ್ತದೆ, ಆಕ್ಸಿಜನ್ ಸಿಲಿಂಡರ್ ತೆರೆಯುವ ಸ್ಪ್ಯಾನರ್ ಎಲ್ಲಿದೆ, ಇವೆರಡಕ್ಕೂ ರಾತ್ರಿಯವರು ಹತ್ತು ಸೆಕೆಂಡಿನಲ್ಲಿ ತೋರಿಸಿ ಉತ್ತರಿಸಬೇಕು. ಕೈಕಾಲು ಕಟ್ಟಿರುವುದೋ ಹೊಡೆದ ಗುರುತೋ ಕಂಡರೆ ವರದಿ ಬರೆಯುತ್ತ ಕೂರಬೇಡಿ, ಮನೆಯವರಿಗೆ ಹೇಳಿ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಕರಾರು ಪತ್ರದಲ್ಲಿ ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಪೂರ್ತಿ ಬಾಡಿಗೆಯೇ, ಜೊತೆಗೆ ಹೋಗುವ ಅಟೆಂಡರಿಗೆ ಯಾರು ಕೊಡಬೇಕು, ಮುಂಗಡ ಎಷ್ಟು ದಿನದಲ್ಲಿ ವಾಪಸ್, ಈ ಮೂರಕ್ಕೇ ಜಗಳ ಆಗುವುದು. ಬಾಯಿಮಾತು ಬೇಡ.

ಈಗ ಮೂರು ಕೇಂದ್ರಕ್ಕೆ ಸೇರಿಸಿ 9 ಸಾವಿರ ತೆಗೆದುಕೊಳ್ಳುತ್ತೇನೆ, ಒಂದೊಂದಕ್ಕೂ ಮೂರು ಭೇಟಿ. ಈ ಲೆಕ್ಕ ಹಿಡಿದ ಮೇಲೆ ಸೇರಿಸಿದ ಏಳೆಂಟು ಜನರಲ್ಲಿ ಮೊದಲ ಮೂರು ತಿಂಗಳು ಯಾರಿಗೂ ಹುಣ್ಣಾಗಿಲ್ಲ. ಸೇರಿಸಿದ 45ನೇ ದಿನ ಹೇಳದೆ ಕೇಳದೆ ಮತ್ತೊಮ್ಮೆ ಹೋಗಿ ಹಿಮ್ಮಡಿ, ತೂಕ, ಆ ತಿಂಗಳ ಬಿಲ್ ನೋಡಿ ಬರುತ್ತೇನೆ. ಅದಕ್ಕೆ ಬೇರೆ ಫೀಸಿಲ್ಲ.